ಗಾರೆಕೊಳದ ಮೊದಲ ನೀರು

ಕೊಳದಲ್ಲಿ ನೀರಿಲ್ಲ!

ದೇವಯ್ಯ ಕಣ್ಣುಜ್ಜಿಕೊಂಡು ಮತ್ತೆ ಬಗ್ಗಿ ನೋಡಿದ. ನಿನ್ನೆ ಬೆಳಿಗ್ಗೆ ತುಳುಕುತ್ತಿದ್ದ ಕೊಳ! ಬಿಳಿಕೆರೆಯ ಗುರುಮಲ್ಲಪ್ಪನವರ ಹೂದೋಟದಲ್ಲಿ ಸೊಂಟದೆತ್ತರಕ್ಕೆ ಇಟ್ಟಿಗೆ ಕಟ್ಟೆ ಏರಿಸಿ, ಸುಣ್ಣದ ಗಾರೆ ಮೆತ್ತಿ, ಆನೆ ಒರಗಿದರೂ ಕದಲದಂತೆ ಅವನೇ ಕಟ್ಟಿದ್ದು. ಸಮುದ್ರವನ್ನೇ ಹಿಡಿದಿಡಬಹುದಿತ್ತು — ಸಮುದ್ರ ಬಿಳಿಕೆರೆಗೆ ಬರಲೊಪ್ಪಿದ್ದರೆ.

ಹತ್ತು ಗಂಟೆ ಬಸ್ಸಿಗೆ ಚುಂಚನಕಟ್ಟೆಯ ಮಹದೇವಯ್ಯನವರು ಬರುವವರಿದ್ದರು. ಕೊಳ ಮೆಚ್ಚಿದರೆ ಅವರ ಛತ್ರದ ತೊಟ್ಟಿ ಕೆಲಸ ದೇವಯ್ಯನಿಗೆ. ಇಲ್ಲದಿದ್ದರೆ? ಹುಣಸೂರಿನಿಂದ ಎಚ್.ಡಿ. ಕೋಟೆವರೆಗೆ ಅವನನ್ನು ಯಾರೂ ಕೆಲಸಕ್ಕೆ ಕರೆಯರು.

“ಸೋರೋಗದೆ ಕಣಯ್ಯ. ನಾವು ಕಟ್ಟೆಮಳಲವಾಡಿ ಮದುವೆ ಮುಗಿಸ್ಕೊಂಡು ಬರೋದ್ರೊಳಗೆ ಎಲ್ಲಾ ಖಾಲಿ!” ಎಂದರು ಗುರುಮಲ್ಲಪ್ಪ.

ಪಕ್ಕದ ಹೊಲದ ಅಣ್ಣಯ್ಯ ಆಗಲೇ ಬೇಲಿ ದಾಟಿ ಬಂದಿದ್ದ. ಮೊಣಕಾಲಿನವರೆಗೂ ಬಿಳಿ ಧೂಳು. “ಗಾರೆ ಬಿರುಕು ಬುಟ್ಟದೆ. ನಾನು ಮದ್ಲೇ ಏಳ್ಲಿಲ್ವಾ?”

ಆಗ ಬಂದರು ಪುಟ್ಟಮಲ್ಲಮ್ಮ, ಗುರುಮಲ್ಲಪ್ಪನವರ ಅಕ್ಕ. ಕಳೆದುಹೋದ ಸೂಜಿಯನ್ನು ಮೂರು ಊರಾಚೆಯಿಂದಲೇ ಮೂಸಿ ಹಿಡಿಯುವ ಹೆಂಗಸು! ಕೊಳವನ್ನು ಸುತ್ತು ಹಾಕಿದರು. ಕಟ್ಟೆಯ ಬುಡ ಮುಟ್ಟಿದರು.

“ದೇವಯ್ಯ, ಒಂದು ಕೊಡ ನೀರು ಸುರಿ.”

ಸುರಿದ. ಎಲೆಯಡಿಕೆ ಜಗಿದು ಮುಗಿಯುವವರೆಗೂ ಕಾದರು. ನೀರು ಕೂದಲೆಳೆಯಷ್ಟೂ ಇಳಿಯಲಿಲ್ಲ.

“ಅಣ್ಣಯ್ಯ, ನೀನು ಮದುವೆಗೆ ಯಾಕ್ಲಾ ಬರ್ಲಿಲ್ಲ?”

“ಕಾಲುನೋವು ಕಣವ್ವ.”

“ನಿನ್ನ ಹೊಗೆಸೊಪ್ಪಿನ ಸಸಿ ಹೆಂಗವೆ?”

“ಚೆಂದಾಗವೆ… ನಿನ್ನೆ ನೀರು ಹಾಕ್ದೆ.”

“ಎಲ್ಲಿಂದ? ನಿನ್ನ ಬಾವಿ ಬತ್ತಿ ಎಂಟು ದಿನ ಆಯ್ತಲ್ಲ?”

ಅಣ್ಣಯ್ಯ ಆಕಾಶ ನೋಡಿದ. ಮೆಲ್ಲಗೆ ಬೇಲಿಯ ಕಡೆ ಹೆಜ್ಜೆ ಹಾಕಿದ.

“ಬಾ, ನೋಡೋಣ.”

ಸಸಿಮಡಿಯಲ್ಲಿ ಎಲೆಗಳೆಲ್ಲ ಸುಟ್ಟು ಸುರುಟಿದ್ದವು. ಮೇಲೆಲ್ಲ ಬಿಳಿ ಪೊರೆ!

ಪುಟ್ಟಮಲ್ಲಮ್ಮ ತಮ್ಮನ ಕಡೆ ತಿರುಗಿದರು. “ಸೋರಿದ್ರೆ ಕಟ್ಟೆ ಬುಡ ನೆನೀಬೇಕಿತ್ತು. ಒಣಗಿತ್ತು. ತಳ ಸೋರಿದ್ರೆ ಕೊಡದ ನೀರು ಇಳೀಬೇಕಿತ್ತು. ಇಳೀಲಿಲ್ಲ. ಇವನ ಕಾಲು ನೋಡಿ ಎಲ್ಲರೂ ಧೂಳು ಅಂದ್ಕೊಂಡ್ರಿ. ನಮ್ಮೂರ ಮಣ್ಣು ಕೆಂಪಲ್ವೇನ್ರೋ? ಅದು ಸುಣ್ಣ! ಕೊಳಕ್ಕಿಳಿದು ಕೊಡ ತುಂಬಿ ಹೊತ್ತವನು ಇವನೇ.”

“ಅಯ್ಯೋ ಬುದ್ಧಿಗೇಡಿ!” ದೇವಯ್ಯ ಹಣೆ ಚಚ್ಚಿಕೊಂಡ. “ಒಸ ಗಾರೆಯ ಮದಲ್ನೇ ನೀರಲ್ಲಿ ಸುಣ್ಣ ಬುಟ್ಕೊಂಡಿರ್ತದೆ, ಗಿಡ ಸುಟ್ಟಾಕ್ತದೆ ಕಣ್ಲಾ. ನಾವೇ ಇವತ್ತು ಚೆಲ್ಲೋರಿದ್ವಿ. ಕೇಳಿದ್ರೆ ಏಳ್ತಿರ್ಲಿಲ್ವಾ?”

“ಸಸಿ ಸಾಯ್ತವೆ ಅಂತ… ತಪ್ಪಾಯ್ತು.” ಅಣ್ಣಯ್ಯ ಕೈಮುಗಿದ.

“ಕೈ ಬುಡು, ಕೊಡ ಹಿಡ್ಕೊ. ನಮ್ಮ ಬಾವಿ ಅಲ್ಲಿ ಅದೆ, ಕೊಳ ತುಂಬ್ಸು,” ಎಂದರು ಪುಟ್ಟಮಲ್ಲಮ್ಮ.

ಬಸ್ಸಿಳಿದು ಬಂದ ಮಹದೇವಯ್ಯನವರು ಕಥೆ ಕೇಳಿದರು. ಗಾರೆಯನ್ನು ಬೆರಳಿನಿಂದ ತಟ್ಟಿದರು. ಠಣ್!

“ಈ ಕೊಳ ಖಾಲಿಯಾಗೋಕೆ ಕಳ್ಳನೇ ಬೇಕಾಯ್ತಲ್ಲ! ದೇವಯ್ಯ, ನಾಳೇನೇ ಚುಂಚನಕಟ್ಟೆಗೆ ಬಂದುಬಿಡಪ್ಪ.”

ಅಂದು ದೇವಯ್ಯ ಎದೆಯುಬ್ಬಿಸಿ ಮನೆಗೆ ನಡೆದಾಗ ಮೈಸೂರು ರಸ್ತೆಯಲ್ಲಿ ಎರಡು ಬಸ್ಸುಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು.