ಹನ್ನೆರಡರ ಗುರುತು

ಚಳಿ ಇಳಿದು ಬಿಸಿಲು ಏರತೊಡಗಿದ್ದ ಕಾಲ. ಭಾನುವಾರ ಸಂಜೆ ನಾಲ್ಕೂವರೆಗೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳು ಕೆಲಸದ ಬಟ್ಟೆಯಲ್ಲೇ ಠಾಣೆಗೆ ಬಂದಳು. ಆರು ವರ್ಷದ ಮಗಳು ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದಳು.

“ಮಧ್ಯಾಹ್ನದ ಹಿಟ್ಟು ಕುಡಿಸಿಲ್ಲ ಸಾರ್. ಕುಡಿಸಿದೀವಿ ಅಂತ ಸುಳ್ಳು ಹೇಳ್ತಿದಾರೆ.”

“ಯಾರು?”

“ಗಂಡ, ಅತ್ತೆ. ಇಬ್ರೂನೂ.”

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಮೊದಲು ಆಸ್ಪತ್ರೆಯ ವೈದ್ಯೆಯನ್ನು ಕಂಡರು.

“ಊಟದಲ್ಲಿ ಮಿಕ್ಕಿದ ಸಕ್ಕರೆನ ನಮ್ಮ ಪಿತ್ತಜನಕಾಂಗ ಗ್ಲೈಕೋಜನ್ ಮಾಡಿ ಕೂಡಿಡುತ್ತೆ. ಹಸಿವಾದಾಗ ಒಡೆದು, ಬೇಕಾದಷ್ಟೇ ರಕ್ತಕ್ಕೆ ಬಿಡುತ್ತೆ. ಈ ಮಗು ಕೂಡಿಡುತ್ತೆ, ಬಿಡೋಕಾಗಲ್ಲ. ಹುಟ್ಟಿನಿಂದ್ಲೇ ಹಾಗೆ. ಹೊಟ್ಟೆ ಉಬ್ಬಿರೋದೂ ಅದಕ್ಕೇ.”

“ಆ ಹಿಟ್ಟು?”

“ಕಾರ್ನ್‌ಫ್ಲೋರ್. ಬೇಯಿಸದೆ ತಣ್ಣೀರಲ್ಲಿ ಕದಡಿ ನಾಲ್ಕು ಗಂಟೆಗೊಂದ್ಸಲ ಕುಡಿಸ್ಬೇಕು. ನಿಧಾನವಾಗಿ ಸಕ್ಕರೆಯಾಗುತ್ತೆ. ತಪ್ಪಿದ್ರೆ ಮಿದುಳೇ ಉಪವಾಸ.”

“ಉಳಿಯುತ್ತಾ?”

“ಡ್ರಿಪ್ ಹಾಕಿದೀವಿ. ಇನ್ನೂ ಕಣ್ಣು ಬಿಟ್ಟಿಲ್ಲ.”

ಆರು ಗಂಟೆಗೆ ಮನೆಯಲ್ಲಿ ಪಂಚನಾಮೆ. ಅಡುಗೆಮನೆಯ ಗೋಡೆಯಲ್ಲಿ ಚೌಕ ಹಾಕಿದ ಹಾಳೆ. ಕುಡಿಸಿದ ಹೊತ್ತಿಗೊಂದು ಗುರುತು.

“ನಮ್ಮ ಹಾಜರಿ ಪುಸ್ತಕಕ್ಕಿಂತ ಚೆಂದಾಗಿದೆ ಸಾರ್,” ಅಂದರು ಜೊತೆಗೆ ಬಂದಿದ್ದ ಮೀಸೆ ದಫೇದಾರರು.

ಹನ್ನೆರಡರ ಚೌಕದಲ್ಲೂ ಗುರುತಿತ್ತು. ಬೆಳಿಗ್ಗೆ ಎಂಟಕ್ಕೆ ಅರ್ಧ ಕೆ.ಜಿ.ಯ ಹೊಸ ಪೊಟ್ಟಣ ಒಡೆದು ಮೂವತ್ತು ಗ್ರಾಂ ಕುಡಿಸಿ ಕೆಲಸಕ್ಕೆ ಹೋಗಿದ್ದೆ ಎಂದು ತಾಯಿ ಹೇಳಿದ್ದಳು. ಇನ್‌ಸ್ಪೆಕ್ಟರ್ ಪೊಟ್ಟಣವನ್ನು ಪಾತ್ರೆಗೆ ಸುರಿದು ತೂಗಿಸಿದರು. ನಾನೂರ ಎಪ್ಪತ್ತು. ಎರಡನೇ ಸಲ ಯಾರೂ ಹಿಟ್ಟು ಮುಟ್ಟಿರಲಿಲ್ಲ.

ಅಜ್ಜಿ ಮುಂದೆ ಬಂದರು. “ನಂದೇ ತಪ್ಪಪ್ಪಾ. ಮರೆತೆ. ಹೆದರಿ ಗುರುತು ಹಾಕ್ಬಿಟ್ಟೆ.”

“ಯಾವ ಚೌಕ, ತೋರ್ಸಿ ಅಜ್ಜಿ.”

ಅಜ್ಜಿಯ ಬೆರಳು ಹಾಳೆಯ ಮೇಲೆ ತಡವರಿಸಿ, ಹಾಳೆ ದಾಟಿ ಬರಿಗೋಡೆಯ ಮೇಲೆ ನಿಂತಿತು. ಕಣ್ಣಿಗೆ ಪೊರೆ ಬಂದಿತ್ತು.

“ಸಾಕು ಬಿಡಮ್ಮಾ,” ಎಂದ ಬಾಗಿಲಲ್ಲಿದ್ದ ಮಗ. “ಗುರುತು ಹಾಕಿದ್ದು ನಾನು.”

“ಯಾಕೆ ಕುಡಿಸ್ಲಿಲ್ಲ?”

“ತಂಗೀನ ನೋಡೋಕೆ ಗಂಡಿನ ಕಡೆಯವರು ಬಂದಿದ್ರು. ಮಗೂನ ಒಳಗಿನ ಕೋಣೇಲಿ ಕೂರ್ಸಿ ಚಿಲಕ ಹಾಕಿದೆ. ಲೋಟ ಹಿಡ್ಕೊಂಡು ಅವರ ಮುಂದೆನೇ ಹೋಗ್ಬೇಕು. ಏನದು, ಯಾರಿಗೆ ಅಂತ ಕೇಳ್ತಾರೆ. ಮನೆತನದಲ್ಲೇ ಕಾಯಿಲೆ ಅಂತ ಎದ್ದು ಹೋದ್ರೆ? ಈಗ ಹೊರಡ್ತಾರೆ, ಆಗ ಹೊರಡ್ತಾರೆ ಅಂತ ಕಾದೆ. ಎರಡೂವರೆ ಆಯ್ತು.”

“ಮಗು ಕೂಗ್ಲಿಲ್ವಾ?”

ಗೋಡೆಯಾಚೆ ತಂಗಿ ಬಿಕ್ಕುವುದು ಕೇಳಿಸಿತು. ಆರೂ ಮುಕ್ಕಾಲಿಗೆ ಅವನನ್ನು ಬಂಧಿಸಲಾಯಿತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಗು ಕಣ್ಣು ಬಿಟ್ಟಿತು. ಮಧ್ಯಾಹ್ನ ತಾಯಿಯ ಎದುರಿನಲ್ಲೇ ಇನ್‌ಸ್ಪೆಕ್ಟರ್ ಮಗುವಿನ ಹೇಳಿಕೆ ಪಡೆದರು.

“ಯಾಕೆ ಪುಟ್ಟಿ, ಅಪ್ಪನ್ನ ಕರೀಲಿಲ್ಲ?”

“ಸದ್ದು ಮಾಡ್ಬೇಡ ಅಂದಿದ್ರು. ಅವರು ಒಳಗೆ ಬಂದ್ರೆ ಕಾಣ್ಬಾರ್ದು ಅಂತ ಹೊಟ್ಟೆ ಒಳಕ್ಕೆ ಎಳ್ಕೊಂಡು ಕೂತಿದ್ದೆ.”

ದಫೇದಾರರು ಅದನ್ನು ಹಾಗೆಯೇ ಬರೆದುಕೊಂಡರು. ಹೊರಗೆ ಬಂದು ಬಹಳ ಹೊತ್ತು ಮುಖ ತೊಳೆದರು.

ಆರೋಪಿಗೆ ಮಗಳ ಮೇಲೆ ದ್ವೇಷವಿರಲಿಲ್ಲ. ಪಕ್ಕದ ಮನೆಯವರೂ ಹಾಗೆಯೇ ಹೇಳಿದರು. ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾದೀತೆಂಬ ಅಂಜಿಕೆಯೊಂದೇ. ಆ ಅಂಜಿಕೆಯನ್ನು ಅವನು ಆರು ವರ್ಷದ ಕೂಸಿಗೂ ಕಲಿಸಿಬಿಟ್ಟಿದ್ದ.

ಗಂಡಿನ ಕಡೆಯವರು ಒಪ್ಪಿಗೆ ಹೇಳಿ ಕಳುಹಿಸಿದರು. ತಂಗಿ ಒಲ್ಲೆನೆಂದಳು. ಶುಕ್ರವಾರ ಮಗುವನ್ನು ಆಸ್ಪತ್ರೆಯಿಂದ ಬಿಟ್ಟಾಗ ಒಂದು ಕೈಯನ್ನು ತಾಯಿ ಹಿಡಿದಿದ್ದಳು, ಇನ್ನೊಂದನ್ನು ಆ ಸೋದರತ್ತೆ. ಮೂವರೂ ಮನೆಯ ದಾರಿ ಹಿಡಿಯದೆ ಬೇರೆ ಊರಿನ ಬಸ್ಸು ಹತ್ತಿದರು.