ಬಂಗಾರದ ಮೀನಿಗೆ ಬಿಳಿ ಚುಕ್ಕೆ

"ಬ್ಯಾಡ್ರಿ! ಆ ತೊಟ್ಟಿಗೆ ಬಿಡಬ್ಯಾಡ್ರಿ!"

ಏಕಾಂತಪ್ಪ ಗಡಿಗೆಯ ಬಾಯಿಗೆ ಕೈ ಅಡ್ಡ ಹಿಡಿದ. ವೀರಮ್ಮನ ಮುಖ ಕೆಂಪಾಯಿತು.

ಮಾರಿಕಣಿವೆಗೆ ಕಟ್ಟೆ ಕಟ್ಟುತ್ತಿದ್ದ ಕಾಲವದು. ದೊರೆಗಳ ಬಂಗಲೆಯ ಕೊಳಗಳಿಗೆಂದು ಅವಳಪ್ಪ ತಿಪ್ಪೇರುದ್ರಪ್ಪ ಹಿರಿಯೂರಿನಲ್ಲಿ ಬಂಗಾರದ ಮೀನು ಸಾಕಿ ಮಾರುತ್ತಿದ್ದ. ತೊಟ್ಟಿಗಳ ಉಸಾಬರಿಯೆಲ್ಲ ವೀರಮ್ಮನದೇ. ಹೊಸದುರ್ಗದಲ್ಲಿ ಅದೇ ವ್ಯಾಪಾರ ಮಾಡುವ ಏಕಾಂತಪ್ಪ ಅವಳನ್ನು ನೋಡಲು ಬಂದ ವರ. ಹೂವು ಹಣ್ಣಿನ ಜೊತೆ ಒಂದು ಗಡಿಗೆ ಮೀನನ್ನೂ ತಂದಿದ್ದ!

"ಯಾಕ್ರಿ? ನಮ್ಮ ತೊಟ್ಟಿಗೆ ಏನಾಗೈತೆ?"

"ಹಂಗಲ್ರಿ... ಹೊಸ ಮೀನು ಸ್ವಲ್ಪ ದಿನ ಬ್ಯಾರೆ ಇರ್ಲಿ. ಆಮ್ಯಾಲೆ ಕೂಡ್ಸಾಣ."

ಬೇರೆ! ಬಂದ ನೆಂಟರನ್ನು ಅಂಗಳದಲ್ಲೇ ನಿಲ್ಲಿಸುವ ಮನೆಯೇ ತಮ್ಮದು? 'ನಮ್ಮ ನೀರೇ ಹಿಡಿಸದವರಿಗೆ ನಾನು ಹಿಡಿಸುತ್ತೇನಾ?'

ಅವನು ತಿಂಡಿಗೆ ಒಳಗೆ ಹೋದದ್ದೇ ತಡ, ಗಡಿಗೆಯನ್ನು ದೊಡ್ಡ ತೊಟ್ಟಿಗೇ ಬಗ್ಗಿಸಿದಳು. ಸಂಜೆ, "ಈ ಸಂಬಂಧ ಬ್ಯಾಡಪ್ಪ" ಎಂದೂ ಹೇಳಿಬಿಟ್ಟಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಕೆಲವೇ ದಿನಗಳಲ್ಲಿ ಮೀನುಗಳ ರೆಕ್ಕೆಯ ಮೇಲೆ ಬಿಳಿ ಚುಕ್ಕೆ! ಕಲ್ಲಿಗೆ ಮೈ ಉಜ್ಜುತ್ತಿದ್ದವು, ಉಸಿರಿಗೆ ಒದ್ದಾಡುತ್ತಿದ್ದವು. ಕೆಲವು ಸತ್ತೂ ಹೋದವು. ಅಪ್ಪ ಸಂಕೋಚ ಬಿಟ್ಟು ಹೊಸದುರ್ಗಕ್ಕೆ ಹೇಳಿ ಕಳಿಸಿದ.

ಬೇಡವೆಂದ ಮನೆಗೆ ಯಾವ ಗಂಡು ಬರುತ್ತಾನೆ? ಏಕಾಂತಪ್ಪ ಗಾಡಿ ಕಟ್ಟಿಸಿಕೊಂಡು ಬಂದ!

ಅಂಗಿಯ ತೋಳು ಮಡಚಿ, ಹಳೆ ನೀರನ್ನು ಸ್ವಲ್ಪಸ್ವಲ್ಪವೇ ತೆಗೆದು, ಉಪ್ಪು ಕರಗಿಸಿದ ನೀರು ಬಿಟ್ಟ. ಊರಲ್ಲೇ ಉಳಿದು ನಿತ್ಯವೂ ಅದೇ ಕೆಲಸ ಮಾಡಿದ. ನೀರು ಸೇದಿ ಕೊಡುತ್ತಿದ್ದ ವೀರಮ್ಮನಿಗೆ ಒಂದು ದಿನ ತಡೆಯಲಾರದೆ ಅಳು ಬಂತು.

"ತಪ್ಪು ನಂದೇರಿ... ನಾನೇ ಸೇರಿಸ್ದೆ. ನಮ್ಮ ತೊಟ್ಟಿ ನಿಮ್ಗೆ ಕೀಳಾತು ಅಂದ್ಕಂಡೆ."

ಅವನು ಬೆರಗಾದ. "ಕೀಳಾ? ನಂಗೆ ಅನುಮಾನ ಇದ್ದಿದ್ದು ನಮ್ಮ ಮೀನಿನ ಮ್ಯಾಲೆರಿ! ದಾರಿಯಾಗೇ ಸೊರಗಿದ್ವು. ನೀವು ಸಾಕಿದ್ದಕ್ಕೆ ನನ್ನಿಂದ ಕೇಡಾಗಬಾರ್ದು ಅಂತ..."

"ಅವತ್ತೇ ಹೇಳಬಾರ್ದಾಗಿತ್ತಾ?"

"ಹೆಣ್ಣು ನೋಡಾಕ್ ಬಂದೋನು, ರೋಗದ ಮೀನು ತಂದೀನಿ ಅಂತ ಹೆಂಗ್ ಹೇಳ್ಲಿ?"

ಅಳುತ್ತಿದ್ದವಳಿಗೆ ನಗು ಬಂತು. ಅವನೂ ನಕ್ಕ.

ಉಳಿದ ಮೀನುಗಳು ಮಂಡಕ್ಕಿಗೆ ಬಾಯಿ ಹಾಕಿದ ದಿನ ಏಕಾಂತಪ್ಪ ಹೊರಟು ನಿಂತ. ಈಗ ಸುಮ್ಮನಿದ್ದರೆ ಜೀವನಪೂರ್ತಿ ಕೊರಗಬೇಕು... ವೀರಮ್ಮ ಬಾಗಿಲಿಗೆ ಓಡಿದಳು.

"ಬ್ಯಾಡ ಅಂದ ಬಾಯಲ್ಲೇ ಕೇಳ್ತೀನಿ... ನನ್ನ ಕೈ ಹಿಡೀತೀರಾ?"

ಅವನ ಕಣ್ಣು ತುಂಬಿತು. "ಹಿರಿಯೋರ್ನ ಕರ್ಕಂಡು ಬರ್ತೀನಿ. ಕಾಯ್ತೀಯಾ, ವೀರಾ?"

"ಹೂಂ... ಆದ್ರೆ ಜಲ್ದಿ ಬರ್ರಿ."