ಎರಡನೇ ಅಂಗಡಿಯ ಅಂದಾಜು ಲಾಭ

ಕನ್ನಡಕದಂಗಡಿಯವನಿಗೆ ಎರಡನೇ ಅಂಗಡಿ ತೆರೆಯುವ ಆಸೆ. ಕೈಹಾಕಬಹುದೋ ಬೇಡವೋ ಎಂದು ತಿಳಿಯಲು ಮುಂದಿನ ಮೂರು ವರ್ಷದ ಅಂದಾಜು ಲಾಭ-ನಷ್ಟದ ಪಟ್ಟಿ ಬೇಕಿತ್ತು. ಅದನ್ನು ಮಾಡಿಕೊಡುವ ಅಕೌಂಟೆಂಟ್ ಹುಡುಗಿಗೆ ಅವನೆಂದರೆ ಪ್ರಾಣ. ಈ ವಿಷಯ ಅವನೊಬ್ಬನನ್ನು ಬಿಟ್ಟು ಇಡೀ ಬೀದಿಗೆ ಗೊತ್ತಿತ್ತು.

ಹೊಸ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಲು ಒಬ್ಬ ಡಾಕ್ಟರಮ್ಮ ಬರುವವಳಿದ್ದಳು. ಜಾಗ ನೋಡಲು ಮೂವರೂ ಹೋಗಿದ್ದಾಗ ಡಾಕ್ಟರಮ್ಮ ಏನೋ ಅಂದಳು, ಅವನು ಬಿದ್ದು ಬಿದ್ದು ನಕ್ಕ. ನಮ್ಮ ಅಕೌಂಟೆಂಟ್‌ಗೆ ಹೊಟ್ಟೆ ಉರಿದುಹೋಯಿತು. ತನ್ನೆದುರು ಅವನು ಹಾಗೆ ನಕ್ಕಿದ್ದೇ ಇಲ್ಲ. ತೆರಿಗೆಯ ಮಾತಿಗೆ ಯಾರು ತಾನೇ ನಗುತ್ತಾರೆ, ಪಾಪ.

ಅದೇ ಉರಿಯಲ್ಲಿ ಪಟ್ಟಿಗೆ ಕೂತಳು. ದಿನಕ್ಕೆ ಹನ್ನೆರಡು ಗಿರಾಕಿ ಬರುವ ಜಾಗಕ್ಕೆ ಐದೇ ಎಂದು ಬರೆದಳು. ಬಾಡಿಗೆಯನ್ನು ವರ್ಷವರ್ಷವೂ ಏರಿಸಿದಳು. ಡಾಕ್ಟರಮ್ಮನ ರೂಮಿಗೆ ಎರಡು ಏಸಿಯ ಖರ್ಚು ಸೇರಿಸಿದಳು. ಮೂರು ವರ್ಷವೂ ನಷ್ಟ ಬಂತು.

ಪಟ್ಟಿ ನೋಡಿ ಅವನ ಮುಖ ಬಾಡಿತು. ಆದರೂ ಅವಳ ಮೂಗಿನಿಂದ ಜಾರುತ್ತಿದ್ದ ಕನ್ನಡಕ ತೆಗೆದು, ಕಡ್ಡಿ ಬಿಗಿ ಮಾಡಿ, ಕಿವಿಗೆ ಬೆರಳು ತಾಗಿಯೂ ತಾಗದಂತೆ ಮತ್ತೆ ಇಟ್ಟ.

"ಬಿಡಿ, ಅಂಗಡಿ ಬೇಡ. ನಿಮ್ಮ ಲೆಕ್ಕ ಬಿಟ್ಟು ಇನ್ನೇನನ್ನ ನಂಬಲಿ?" ಎಂದ. ಡಾಕ್ಟರಮ್ಮನಿಗೂ ವಿಷಯ ತಿಳಿಸಲು ಫೋನ್ ಎತ್ತಿಕೊಂಡ.

ಅವಳು ಬಾಯಿ ಮುಚ್ಚಿಕೊಂಡಿದ್ದರೆ ಅವನು ಇಲ್ಲೇ ಕಣ್ಣೆದುರು ಇರುತ್ತಿದ್ದ. ಆದರೆ ಎಷ್ಟೋ ವರ್ಷದ ಅವನ ಆಸೆಗೆ ಕೈಯಾರೆ ಕಲ್ಲು ಹಾಕಿದಂತಾಗುತ್ತಿತ್ತು. ಅವಳಿಂದ ಅದು ಆಗಲಿಲ್ಲ.

"ಫೋನ್ ಮಾಡ್ಬೇಡಿ. ಗಿರಾಕಿಗಳನ್ನ ನಾನೇ ಬೇಕಂತ ಕಡಿಮೆ ಮಾಡಿದ್ದು. ನೀವು ಅವರ ಜೊತೆ ನಗೋದು ನನಗೆ ನೋಡೋಕಾಗ್ಲಿಲ್ಲ."

ಅವನು ಫೋನ್ ಕೆಳಗಿಟ್ಟ. "ನನ್ನ ಬೈದಿದ್ರೆ ಆಗ್ತಿತ್ತು. ಲೆಕ್ಕದ ಕೈಲಿ ಯಾಕೆ ಸುಳ್ಳು ಹೇಳಿಸಿದ್ರಿ?" ಎಂದ. ಆಮೇಲೆ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಎಲ್ಲ ಸರಿಯಾಗಿ ಹಾಕಿ ಎಂದ.

ಹಾಕಿದಳು. ಮೊದಲ ವರ್ಷ ಚೂರು ನಷ್ಟ, ಮುಂದೆ ಒಳ್ಳೆಯ ಲಾಭ. ಅವನನ್ನು ತಾನೇ ಡಾಕ್ಟರಮ್ಮನಿಗೆ ಒಪ್ಪಿಸಿಕೊಟ್ಟೆನೆಂದು ಅವಳ ಕಣ್ಣು ತುಂಬಿತು.

ಅವನು ಖರ್ಚಿನ ಒಂದು ಸಾಲಿನ ಮೇಲೆ ಬೆರಳಿಟ್ಟ. "ಈ ಅಕೌಂಟೆಂಟ್ ಫೀಸ್ ತೆಗೀರಿ. ಕಟ್ಕೊಂಡ ಹೆಂಡ್ತಿಗೆ ಯಾರಾದ್ರೂ ಫೀಸ್ ಕೊಡ್ತಾರಾ?"

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕಿವಿಯವರೆಗೂ ಕೆಂಪಾದಳು.

"ಅದನ್ನ ಮಾತ್ರ ತೆಗೆಯಲ್ಲ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಮದುವೆ ಆದ್ರೂ ಫೀಸ್ ಫೀಸೇ."

ಅವನು ಬಿದ್ದು ಬಿದ್ದು ನಗುತ್ತ ಒಪ್ಪಿಕೊಂಡ.